ಬಿರುಕಿನ ಕಾರಣ ಹೇಳಿ, ಆಮೇಲೆ ಆಯಸ್ಸು ಕೊಡಿ: ಬಾಹ್ಯಾಕಾಶ ನಿಲ್ದಾಣದ ಪಾಲುದಾರರಿಗೊಂದು ಬಹಿರಂಗ ಪತ್ರ

ಇವರಿಗೆ:
ಅಮೆರಿಕದ ನಾಸಾ, ರಷ್ಯಾದ ರಾಸ್‌ಕಾಸ್ಮಾಸ್, ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ, ಜಪಾನಿನ ಜಾಕ್ಸಾ ಮತ್ತು ಕೆನಡಾ ಬಾಹ್ಯಾಕಾಶ ಸಂಸ್ಥೆಗಳ ಮುಖ್ಯಸ್ಥರು

ವಿಷಯ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಉಳಿದಷ್ಟು ದಿನ ಪೂರ್ತಿ ಕಾಳಜಿಯಿಂದ ನಡೆಸುವ ಬಗ್ಗೆ

ಮಾನ್ಯರೇ,

ನಾನು ಮೂವತ್ತೇಳು ವರ್ಷ ವಿಮಾನಗಳಲ್ಲಿ ಬಿರುಕು ಹುಡುಕುವ ಕೆಲಸ ಮಾಡಿದವನು. 1988ರಲ್ಲಿ ಬೆಂಗಳೂರಿನ ಒಂದು ವಿಮಾನ ದುರಸ್ತಿ ಘಟಕಕ್ಕೆ ಹುಡುಗನಾಗಿ ಸೇರಿ 2025ರಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದೆ. ಹ್ಯಾಂಗರಿಗೆ ಬಂದ ವಿಮಾನದ ಒಳಹೊದಿಕೆ ಬಿಚ್ಚಿಸಿ, ಟಾರ್ಚು, ಲೆನ್ಸು ಹಿಡಿದು, ರಿವೆಟ್ ಸಾಲುಗಳ ಮೇಲೆ ಬೆರಳಾಡಿಸುತ್ತ ಹೋಗುವುದು ನನ್ನ ದಿನಚರಿಯಾಗಿತ್ತು. ಅನುಮಾನ ಬಂದ ಕಡೆ ಪೇಂಟ್ ತೆಗೆದು, ತೊಳೆದು, ಕೆಂಪು ಡೈ ಬಳಿದು, ಸ್ವಲ್ಪ ಹೊತ್ತು ಕಾದು, ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸುತ್ತಿದ್ದೆವು. ಬಿರುಕಿದ್ದರೆ ಆ ಬಿಳುಪಿನ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ನಿಧಾನವಾಗಿ ಮೂಡುತ್ತಿತ್ತು. ಅದು ಮೂಡುವ ಹೊತ್ತಿನಲ್ಲಿ ಸುತ್ತ ನಿಂತ ಯಾರೂ ಮಾತಾಡುತ್ತಿರಲಿಲ್ಲ.

ತಮ್ಮ ನಿಲ್ದಾಣದ ಸುದ್ದಿಯನ್ನು ನಾನು ವರ್ಷಗಳಿಂದ ಓದುತ್ತ ಬಂದಿರುವುದು ಇದೇ ಕಣ್ಣಿನಿಂದ. ಅದು ಮುದಿಯಾಯಿತು, ಇನ್ನು ಅದಕ್ಕೆ ದುಡ್ಡು ಸುರಿಯುವುದು ಸರಿಯೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಇನ್ನೂ ಕೆಲವು ವರ್ಷ ಎಳೆಯೋಣ ಎನ್ನುವವರೂ ಇದ್ದಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಿಲ್ದಾಣವನ್ನು ನಡೆಸಬೇಕು. ಆದರೆ ಈಗ ನಡೆಸುತ್ತಿರುವ ರೀತಿಯಲ್ಲಿ ಅಲ್ಲ.

ಮೊದಲು ಲೋಹದ ವಯಸ್ಸನ್ನು ನೋಡೋಣ. ನಿಲ್ದಾಣದ ಮೊದಲ ತುಂಡಾದ ಜಾರ್ಯಾ 1998ರ ನವೆಂಬರ್ 20ರಂದು ಕಜಾಕಸ್ತಾನದ ಬೈಕನೂರು ಉಡಾವಣಾ ಕೇಂದ್ರದಿಂದ ಮೇಲೇರಿತು. 2000ದ ಜುಲೈನಲ್ಲಿ ಜ್ವೆಜ್ದಾ ಎಂಬ ರಷ್ಯಾದ ಭಾಗ ಬಂದು ಸೇರಿತು. ಅದೇ ವರ್ಷ ನವೆಂಬರ್ 2ರಂದು ಬಿಲ್ ಶೆಫರ್ಡ್, ಯೂರಿ ಗಿಡ್ಜೆಂಕೊ, ಸೆರ್ಗೈ ಕ್ರಿಕಲ್ಯೋವ್ ಎಂಬ ಮೂವರು ಗಗನಯಾತ್ರಿಗಳು ಒಳಗೆ ಹೋಗಿ ದೀಪ ಹಾಕಿದರು. ಅಲ್ಲಿಂದೀಚೆಗೆ ಆ ಮನೆ ಒಂದು ದಿನವೂ ಖಾಲಿ ಬಿದ್ದಿಲ್ಲ. 2025ರ ನವೆಂಬರಿಗೆ ಇಪ್ಪತ್ತೈದು ವರ್ಷ ತುಂಬಿತು. ಆದರೆ ಜ್ವೆಜ್ದಾದ ಚೌಕಟ್ಟು ಇದಕ್ಕೂ ಹಳೆಯದು. ಮೀರ್ ನಿಲ್ದಾಣದ ಮುಂದಿನ ನಿಲ್ದಾಣಕ್ಕೆಂದು ಸೋವಿಯತ್ ಕಾಲದಲ್ಲಿ, 1985ರಲ್ಲೇ, ಅದನ್ನು ಕಟ್ಟಿ ಮುಗಿಸಿದ್ದರು. ಹಾರುವಾಗಲೇ ಅದಕ್ಕೆ ಹದಿನೈದು ವರ್ಷ. ಈಗ ನಲವತ್ತು ದಾಟಿದೆ.

ಕಾರ್ಖಾನೆಯಲ್ಲಿ ನಾವು ವಿಮಾನದ ವಯಸ್ಸನ್ನು ವರ್ಷದಲ್ಲಿ ಹೇಳುತ್ತಿರಲಿಲ್ಲ, ಸೈಕಲ್ಲಿನಲ್ಲಿ ಹೇಳುತ್ತಿದ್ದೆವು. ಒಂದು ಸಲ ಏರಿ, ಒಳಗೆ ಗಾಳಿಯೊತ್ತಡ ತುಂಬಿ, ಇಳಿದು ಒತ್ತಡ ಬಿಟ್ಟರೆ ಒಂದು ಸೈಕಲ್. ನಿಲ್ದಾಣಕ್ಕೆ ಏರಿಳಿತವಿಲ್ಲ, ಆದರೆ ಬಿಸಿಲು ನೆರಳುಗಳಿವೆ. ಒಂದೂವರೆ ಗಂಟೆಗೊಂದು ಸುತ್ತು, ದಿನಕ್ಕೆ ಹೆಚ್ಚುಕಮ್ಮಿ ಹದಿನಾರು. ನಾನು ಕಾಗದದ ಮೇಲೆ ಗುಣಿಸಿ ನೋಡಿದೆ. ಜ್ವೆಜ್ದಾ ಸೇರಿದ ಮೇಲೆ ಈವರೆಗೆ 1.4 ಲಕ್ಷ ಸುತ್ತು ಮೀರಿದೆ. ಪ್ರತಿ ಸುತ್ತಿಗೂ ಲೋಹ ಕಾದು ಹಿಗ್ಗಿದೆ, ತಣಿದು ಕುಗ್ಗಿದೆ. ಜೊತೆಗೆ ನೌಕೆಗಳು ಬಂದು ತಾಗಿದ ಪೆಟ್ಟು, ಕಕ್ಷೆ ಎತ್ತಲು ಎಂಜಿನ್ ಉರಿಸಿದಾಗಿನ ತಳ್ಳಾಟ, ಒಳಗಿನ ಪಂಪು, ಫ್ಯಾನುಗಳ ನಡುಕ. ಇಷ್ಟನ್ನು ತಡೆದಿದೆಯಲ್ಲ ಎಂದು, ಕಟ್ಟಿದವರನ್ನು ನೆನೆದು ನನಗೆ ಕೈ ಮುಗಿಯಬೇಕೆನಿಸುತ್ತದೆ.

ಈಗ ಬಿರುಕಿಗೆ ಬರುತ್ತೇನೆ.

ಜ್ವೆಜ್ದಾದ ಹಿಂತುದಿಯಲ್ಲಿ, ಸರಕು ನೌಕೆ ಬಂದು ಕೂಡುವ ಬಾಗಿಲಿಗೆ ಹೋಗುವ ದಾರಿಯಲ್ಲಿ, ಒಂದು ಚಿಕ್ಕ ಸುರಂಗವಿದೆ. 2019ರಲ್ಲಿ ಅಲ್ಲಿಂದ ಗಾಳಿ ಸೋರುವುದು ತಿಳಿಯಿತು. ಹುಡುಕಿದರು, ಬಿರುಕು ಸಿಕ್ಕಿತು, ಮುಚ್ಚಿದರು. ಮತ್ತೆ ಸೋರಿತು, ಮತ್ತೆ ಮುಚ್ಚಿದರು. ನಾಸಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ವರದಿಯ ಪ್ರಕಾರ ಆ ವರ್ಷದ ಏಪ್ರಿಲಿನಲ್ಲಿ ಸೋರಿಕೆ ದಿನಕ್ಕೆ ಸುಮಾರು 1.7 ಕೆಜಿ ಗಾಳಿಯಷ್ಟಾಗಿ, ಅಲ್ಲಿಯವರೆಗಿನ ಗರಿಷ್ಠ ಮುಟ್ಟಿತ್ತು. ಈ ಅಪಾಯವನ್ನು ನಾಸಾ ತನ್ನ ಪಟ್ಟಿಯ ಅತಿ ಮೇಲಿನ ದರ್ಜೆಗೆ ಏರಿಸಿತು. ಆ ಸುರಂಗದ ಬಾಗಿಲನ್ನು ಬೇಕಾದಾಗ ಮಾತ್ರ ತೆರೆಯುವುದು ಎಂದಾಯಿತು. ಅದು ತೆರೆದಿರುವಷ್ಟು ಹೊತ್ತು ಅಮೆರಿಕದ ಭಾಗಕ್ಕೂ ರಷ್ಯಾದ ಭಾಗಕ್ಕೂ ನಡುವಿನ ಬಾಗಿಲನ್ನು ಮುಚ್ಚುವುದು ರೂಢಿಯಾಯಿತು. ಒಂದೇ ಮನೆಯವರು ನಡುಮನೆಯ ಬಾಗಿಲು ಹಾಕಿಕೊಂಡು ಕೂರುವ ಸ್ಥಿತಿ.

ನನ್ನನ್ನು ಕಾಡುವುದು ಆ 1.7 ಕೆಜಿ ಅಲ್ಲ. ಸಿಲಿಂಡರಿನಲ್ಲಿ ಗಾಳಿ ತಂದು ತುಂಬಬಹುದು. ತಮ್ಮಲ್ಲಿ ಎರಡು ಮುಖ್ಯ ಪಾಲುದಾರರು ಬಿರುಕಿನ ಕಾರಣದ ಬಗ್ಗೆ ಒಪ್ಪದೇ ಇರುವುದು ನನ್ನನ್ನು ಕಾಡುತ್ತದೆ. ಎಡೆಬಿಡದ ಸಣ್ಣ ಕಂಪನದಿಂದ ಲೋಹ ದಣಿದು ಬಿರುಕು ಬಿಟ್ಟಿದೆ ಎನ್ನುತ್ತಾರೆ ರಷ್ಯಾದ ಎಂಜಿನಿಯರುಗಳು. ಗಾಳಿಯೊತ್ತಡ, ಮೇಲೆ ಬಿದ್ದ ಭಾರ, ತಯಾರಿಕೆಯ ಹೊತ್ತಿನಲ್ಲೇ ಲೋಹದೊಳಗೆ ಉಳಿದ ಬಿಗಿತ, ಲೋಹದ ಗುಣ, ಹೊರಗಿನ ಪರಿಸರ ಎಲ್ಲ ಸೇರಿ ಹೀಗಾಗಿದೆ ಎನ್ನುತ್ತದೆ ನಾಸಾ. ಆ ಭಾಗ ಒಮ್ಮೆಲೇ ಒಡೆದುಹೋಗುವ ಸಾಧ್ಯತೆಯನ್ನು ಅಮೆರಿಕದವರು ಗಂಭೀರವಾಗಿ ತೆಗೆದುಕೊಂಡಿದ್ದಾರೆ, ರಷ್ಯಾದವರು ಅದು ಆಗುವ ಮಾತಲ್ಲ ಎಂದಿದ್ದಾರೆ. ನಿಲ್ದಾಣದ ಸಲಹಾ ಸಮಿತಿಯ ಅಧ್ಯಕ್ಷರು 2024ರ ನವೆಂಬರಿನಲ್ಲಿ ಇದನ್ನು ಬಹಿರಂಗ ಸಭೆಯಲ್ಲೇ ಹೇಳಿದರು.

ಇಲ್ಲಿ ನನ್ನ ಅನುಭವವೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಹಳೆಯ ವಿಮಾನವೊಂದರ ನೆಲದ ತೊಲೆಯಲ್ಲಿ ಬಿರುಕು ಸಿಕ್ಕಿತು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಮಾಡುವ ಪದ್ಧತಿಯುಂಟು. ಸ್ಟಾಪ್ ಡ್ರಿಲ್ ಎನ್ನುತ್ತೇವೆ. ತೂತು ಕೊರೆದು, ಮೇಲೆ ಪ್ಯಾಚ್ ಹಾಕಿ, ರಿವೆಟ್ ಹೊಡೆದು, ಕಾರ್ಡಿಗೆ ಸಹಿ ಹಾಕಿ ಕಳಿಸಿದೆವು. ಸಹಿಗಳಲ್ಲಿ ನನ್ನದೂ ಒಂದು. ಕೆಲವು ತಿಂಗಳಿಗೆ ಅದೇ ವಿಮಾನ ಮರಳಿ ಬಂತು. ನಮ್ಮ ಪ್ಯಾಚ್ ಹೊಸದರಂತೆ ಹೊಳೆಯುತ್ತಿತ್ತು. ಅದರಿಂದ ಒಂದು ಗೇಣು ಆಚೆ, ಮುಂದಿನ ರಿವೆಟ್ ಸಾಲಿನಲ್ಲಿ, ಮೂರು ಹೊಸ ಬಿರುಕು. ತೊಲೆ ಕೂಡುವ ಜಾಗದಲ್ಲಿ ಜೋಡಣೆಯೇ ತುಸು ಓರೆಯಾಗಿತ್ತು. ಆ ಓರೆಯನ್ನು ಯಾರೂ ನೋಡಿರಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಅಂದು ಎಲ್ಲರನ್ನೂ ನಿಲ್ಲಿಸಿಕೊಂಡು ಕೇಳಿದರು: "ಬಿರುಕು ಎಲ್ಲಿದೆ ಅಂತ ಬರೆದಿದೀರಿ, ಉದ್ದ ಎಷ್ಟು ಅಂತ ಬರೆದಿದೀರಿ. ಯಾಕೆ ಬಂತು ಅನ್ನೋ ಕಡೆ ಗೆರೆ ಎಳೆದು ಬಿಟ್ಟಿದೀರಲ್ಲಪ್ಪ?" ಅಂದಿನಿಂದ ನಿವೃತ್ತಿಯವರೆಗೆ ಆ ಜಾಗ ಖಾಲಿ ಬಿಟ್ಟ ಕಾರ್ಡಿಗೆ ನಾನು ಸಹಿ ಹಾಕಲಿಲ್ಲ. ಅದಕ್ಕಾಗಿ ಬೈಸಿಕೊಂಡಿದ್ದೇನೆ, ಬಡ್ತಿ ತಡವಾದದ್ದೂ ಉಂಟು.

ಕಾರಣ ಗೊತ್ತಿಲ್ಲದ ಬಿರುಕನ್ನು ಮುಚ್ಚಬಹುದು, ಆದರೆ ಆ ಭಾಗಕ್ಕೆ ಇನ್ನಿಷ್ಟು ವರ್ಷ ಆಯಸ್ಸಿದೆ ಎಂದು ಬರೆದುಕೊಡಲು ಬರುವುದಿಲ್ಲ. ನಿಲ್ದಾಣವನ್ನು ನಡೆಸಲು ತಮ್ಮಲ್ಲಿ ಹೆಚ್ಚಿನವರು ಇಟ್ಟುಕೊಂಡಿರುವ 2030 ಎಂಬ ಗಡುವು ಹೊರಗಿನಿಂದ ನೋಡುವ ನನಗೆ ಹೀಗೆ ಬರೆದುಕೊಟ್ಟ ಆಯಸ್ಸಿನ ಹಾಗೆ ಕಾಣುತ್ತದೆ.

2025ರ ಜೂನ್‌ನಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಸುರಂಗದೊಳಗೆ ಇನ್ನಷ್ಟು ಜಾಗಗಳನ್ನು ಮುಚ್ಚಿದ ಮೇಲೆ ಅಲ್ಲಿ ಒತ್ತಡ ಇಳಿಯದೆ ನಿಂತಿತು. ಓದಿದವರು ಸದ್ಯ ಸರಿಹೋಯಿತು ಎಂದುಕೊಂಡಿರಬಹುದು. ನಾಸಾ ಹಾಗೆ ಅಂದುಕೊಳ್ಳಲಿಲ್ಲ. ಈ ಹೊಸ ವರ್ತನೆ ಏನೆಂದು ತಿಳಿಯುವವರೆಗೆ ನಮ್ಮ ಶುಭಾಂಶು ಶುಕ್ಲಾ ಹೊರಡಬೇಕಿದ್ದ ಆಕ್ಸಿಯಂ-4 ಯಾನವನ್ನು ಮುಂದೂಡಿತು. ಅದು ನೂರಕ್ಕೆ ನೂರು ಸರಿಯಾದ ತೀರ್ಮಾನ. ಇಲ್ಲಿ ಟಿವಿಯ ಮುಂದೆ ಕೂತು ಯಾನ ಮತ್ತೆ ಮುಂದಕ್ಕೆ ಹೋಯಿತೆಂದು ಬೇಸರಪಟ್ಟವರಿಗೆ ನಾನು ಹೇಳಿದ್ದೂ ಇದನ್ನೇ. ಸೋರುವುದು ತಾನಾಗಿ ನಿಂತಂತೆ ಕಂಡರೆ, ನಿಂತದ್ದೋ ಅಥವಾ ಬೇರೆ ದಾರಿ ಹಿಡಿದದ್ದೋ ಎಂದು ನೋಡುವವನೇ ಇನ್‌ಸ್ಪೆಕ್ಟರ್.

ನಾನು ಕೆಲಸಕ್ಕೆ ಸೇರಿದ ವರ್ಷವೇ, 1988ರ ಏಪ್ರಿಲ್ 28ರಂದು, ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಛಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಹತ್ತೊಂಬತ್ತು ವರ್ಷದ ವಿಮಾನ, 89,000ಕ್ಕೂ ಹೆಚ್ಚು ಸೈಕಲ್. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಅದು ಒಂದೇ ದೊಡ್ಡ ಬಿರುಕಿನಿಂದ ಆದದ್ದಲ್ಲ. ಒಂದೇ ಜೋಡಣೆಯ ಉದ್ದಕ್ಕೂ ಹತ್ತಾರು ಸಣ್ಣ ಬಿರುಕುಗಳಿದ್ದವು, ಒಂದೊಂದನ್ನೇ ನೋಡಿದರೆ ಅಷ್ಟೇನೂ ಹೆದರಿಸದಂಥವು. ಒಂದು ದಿನ ಅವೆಲ್ಲ ಒಂದಕ್ಕೊಂದು ಕೂಡಿಕೊಂಡವು. ನಮ್ಮ ತರಬೇತಿಯ ಮೊದಲ ವಾರವೇ ಆ ವಿಮಾನದ ಚಿತ್ರವನ್ನು ಗೋಡೆಗೆ ಅಂಟಿಸಿದ್ದರು. ಜ್ವೆಜ್ದಾದ ಸುರಂಗದಲ್ಲಿ ಹಲವು ಬಿರುಕು, ಹಲವು ಅನುಮಾನದ ಜಾಗ ಎಂದು ಓದುವಾಗಲೆಲ್ಲ ಆ ಚಿತ್ರ ಕಣ್ಣ ಮುಂದೆ ಬರುತ್ತದೆ.

ಹಾಗಿದ್ದರೆ ಈಗಲೇ ಎಲ್ಲರನ್ನೂ ಇಳಿಸಿ ಬೀಗ ಹಾಕಬಾರದೇಕೆ ಎಂದು ನನ್ನ ಮಗಳು ಕೇಳಿದಳು. ಸರಿಯಾದ ಪ್ರಶ್ನೆ. ಉತ್ತರ ಕೊಡಲು ನನಗೆ ಕೆಲವು ದಿನ ಬೇಕಾಯಿತು.

ನಿಲ್ದಾಣ ಕೊಟ್ಟದ್ದನ್ನು ಎಣಿಸುವುದು ಸುಲಭ. 4,000ಕ್ಕೂ ಮಿಕ್ಕಿ ಪ್ರಯೋಗಗಳು. 2011ರಿಂದ ವಿಶ್ವಕಿರಣದ ಕಣಗಳನ್ನು ಎಣಿಸುತ್ತ ಕೂತಿರುವ ಎಎಂಎಸ್ ಎಂಬ ದೊಡ್ಡ ಉಪಕರಣ. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧ ಮಾಡಿ ನೂರರಲ್ಲಿ 98 ಪಾಲು ನೀರನ್ನು ಮರಳಿ ಕುಡಿಯುವಂತೆ ಮಾಡಿದ ವ್ಯವಸ್ಥೆ, ಬೋರ್‌ವೆಲ್ ಬತ್ತಿದ ಊರಿನವನಾದ ನನಗೆ ಇದು ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಶುಕ್ಲಾ ಅವರ ಕೈಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡದ ಐಐಟಿ ರೂಪಿಸಿದ ಪ್ರಯೋಗದ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆಯೊಡೆದವು. ಸ್ನಾಯುಗಳು ಅಲ್ಲಿ ಹೇಗೆ ಸೊರಗುತ್ತವೆಂದು ನೋಡುವ ಪ್ರಯೋಗವೊಂದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಿಂದ ಹೋಗಿತ್ತು. ನಾವು ದಿನಾ ಒಗ್ಗರಣೆಗೆ ಹಾಕುವ ಮೆಂತ್ಯ ಭೂಮಿಯಿಂದ 400 ಕಿಲೋಮೀಟರ್ ಮೇಲೆ ಬೇರು ಬಿಟ್ಟಿದ್ದನ್ನು ಫೋಟೋದಲ್ಲಿ ನೋಡಿದಾಗ ನಮ್ಮ ಮನೆಯವಳ ಕಣ್ಣು ತುಂಬಿತ್ತು.

ಆದರೆ ಇವುಗಳಲ್ಲಿ ಹೆಚ್ಚಿನವನ್ನು ಹೊಸ ನಿಲ್ದಾಣದಲ್ಲೂ ಮಾಡಬಹುದು. ಹೊಸ ನಿಲ್ದಾಣ ಕೊಡಲಾರದ್ದು ಒಂದೇ, ಅದು ಮುದಿತನ. ಮನುಷ್ಯರು ಇಪ್ಪತ್ತೈದು ವರ್ಷ ಸತತವಾಗಿ ಬಾಳಿದ ಲೋಹದ ಮನೆ ಕಕ್ಷೆಯಲ್ಲಿ ಬೇರೆ ಯಾವುದೂ ಇಲ್ಲ. ಮೀರ್ ಹದಿನೈದು ವರ್ಷಕ್ಕೆ, 2001ರ ಮಾರ್ಚ್ 23ರಂದು, ಸಾಗರ ಸೇರಿತು. ಚೀನಾದ ತಿಯಾಂಗಾಂಗ್ ಪೂರ್ಣಗೊಂಡದ್ದು 2022ರಲ್ಲಿ. ಮಂಗಳಕ್ಕೆ ಹೋಗುವ ಮಾತನ್ನು ಎಲ್ಲರೂ ಆಡುತ್ತಿದ್ದೇವೆ. ಆ ದಾರಿಯಲ್ಲಿ ಬಿರುಕು ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಇಳಿದು ಬರಲಾಗುವುದಿಲ್ಲ. ಲೋಹ, ರಬ್ಬರ್ ಸೀಲು, ವೈರು, ಪಂಪು ಅಲ್ಲಿ ಹೇಗೆ ಮುದಿಯಾಗುತ್ತವೆ, ಮುದಿಯಾದುದನ್ನು ಒಳಗಿನಿಂದ ಹೇಗೆ ಹುಡುಕುವುದು, ಏನು ಹಚ್ಚಿದರೆ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಕಲಿಯಲು ಇರುವ ಒಂದೇ ಶಾಲೆ ಈ ಸೋರುವ ಮನೆ. ಆ ಸುರಂಗಕ್ಕೆ ಪೇಸ್ಟು, ಪ್ಯಾಚು ಹಿಡಿದು ಹೋದ ಗಗನಯಾತ್ರಿಗಳು ದುರಸ್ತಿಯ ಜೊತೆಗೆ ಬಹುಶಃ ನಿಲ್ದಾಣದ ಈಚಿನ ವರ್ಷಗಳ ಅತಿ ಮುಖ್ಯ ಪ್ರಯೋಗವನ್ನೂ ಮಾಡಿದ್ದಾರೆ. ಆ ಪ್ರಯೋಗದ ಫಲಿತಾಂಶ ಮಾತ್ರ ಕಪಾಟಿನೊಳಗಿದೆ.

ಹಾಗಾಗಿ, ಮಾನ್ಯರೇ, ನನ್ನ ಮೊದಲ ಕೋರಿಕೆ ಇದು. ಆ ಬಿರುಕುಗಳ ಪೂರ್ತಿ ದಾಖಲೆಯನ್ನು ಪ್ರಕಟಿಸಿ. ಎಂದು, ಎಲ್ಲಿ, ಎಷ್ಟು ಉದ್ದ, ಯಾವ ದಿಕ್ಕು, ಏನು ಹಚ್ಚಿದಿರಿ, ಆಮೇಲೆ ಎಷ್ಟು ಬೆಳೆಯಿತು. ಎರಡು ಕಡೆಯ ಎಂಜಿನಿಯರುಗಳ ಲೆಕ್ಕಗಳನ್ನೂ ಅಕ್ಕಪಕ್ಕ ಇಡಿ. ಯುರೋಪ್, ಜಪಾನ್, ಕೆನಡಾಗಳಲ್ಲಿ ಲೋಹದ ದಣಿವನ್ನೇ ಬದುಕಿಡೀ ಓದಿದವರಿದ್ದಾರೆ. ಇಬ್ಬರೂ ಒಪ್ಪುವ ಮೂರನೆಯವರ ಕೈಗೆ ಅದನ್ನು ಕೊಡಿ. ವಿಮಾನ ಅಪಘಾತದ ವರದಿಯನ್ನು ಯಾವ ದೇಶವೂ ತನ್ನ ಮಾನದ ಪ್ರಶ್ನೆಯಾಗಿ ಬಚ್ಚಿಡಬಾರದು ಎಂಬ ಪದ್ಧತಿಯನ್ನು ಜಗತ್ತು ಕಷ್ಟಪಟ್ಟು ಕಲಿತಿದೆ. ಅದೇ ಪದ್ಧತಿ 400 ಕಿಲೋಮೀಟರ್ ಮೇಲೂ ಬರಲಿ. ಕಾರಣ ಸಿಗದೇ ಹೋದರೆ ಆ ಸುರಂಗದ ಬಾಗಿಲನ್ನು ಶಾಶ್ವತವಾಗಿ ಮುಚ್ಚಿಬಿಡಿ. ನೌಕೆ ನಿಲ್ಲುವ ಒಂದು ಜಾಗ ಕಳೆದುಹೋಗುತ್ತದೆ, ನಿಜ. ಜಾಗಕ್ಕಿಂತ ಒಳಗಿರುವ ಜೀವ ದೊಡ್ಡದು.

ಎರಡನೆಯದು ದುಡ್ಡಿನ ಮಾತು. ನಿಲ್ದಾಣಕ್ಕೆಂದು ನಾಸಾ ಒಂದೇ ವರ್ಷಕ್ಕೆ 300 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡುತ್ತದೆ. ಚಂದ್ರನಿಗೆ ಹೋಗಬೇಕು, ಹೊಸದನ್ನು ಕಟ್ಟಬೇಕು, ಈ ಹಳೆಯದು ಎಲ್ಲವನ್ನೂ ನುಂಗುತ್ತಿದೆ ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. 2025ರಲ್ಲಿ ಮುಂದಿನ ವರ್ಷದ ಬಜೆಟ್ ಪ್ರಸ್ತಾವದಲ್ಲಿ ನಿಲ್ದಾಣಕ್ಕೆ ಸುಮಾರು 50 ಕೋಟಿ ಡಾಲರ್ ಕಡಿಮೆ ಮಾಡಿ, ಮೇಲಿರುವವರ ಸಂಖ್ಯೆಯನ್ನೂ ಪ್ರಯೋಗಗಳನ್ನೂ ಇಳಿಸುವ ಮಾತು ಬಂತು. ಅಮೆರಿಕದ ಸಂಸತ್ತು ಅದೇ ವರ್ಷದ ಜುಲೈನಲ್ಲಿ ನಿಲ್ದಾಣಕ್ಕೆಂದೇ ಬೇರೆಯಾಗಿ 125 ಕೋಟಿ ಡಾಲರ್ ಇಡುವ ಕಾನೂನು ಮಾಡಿತು. ಒಂದು ಕೈ ಕೊಯ್ಯುತ್ತದೆ, ಇನ್ನೊಂದು ಕೈ ಹೊಲಿಯುತ್ತದೆ.

ಹಳೆಯ ವಿಮಾನ ಹೊಸದಕ್ಕಿಂತ ಹೆಚ್ಚು ಕೈ ಕೇಳುತ್ತದೆ. ಇದು ಹ್ಯಾಂಗರಿನಲ್ಲಿ ಕಸ ಗುಡಿಸುವವರಿಗೂ ಗೊತ್ತಿರುವ ವಿಷಯ. ವಯಸ್ಸಾದಷ್ಟೂ ತಪಾಸಣೆಯ ನಡುವಿನ ದಿನಗಳು ಕಡಿಮೆಯಾಗಬೇಕು, ಜನ ಹೆಚ್ಚಬೇಕು, ಬಿಡಿಭಾಗದ ದಾಸ್ತಾನು ಹೆಚ್ಚಬೇಕು. ಮೇಲಿರುವವರನ್ನು ಕಡಿಮೆ ಮಾಡಿದರೆ ಇರುವವರ ದಿನವೆಲ್ಲ ರಿಪೇರಿಯಲ್ಲೇ ಹೋಗುತ್ತದೆ, ಪ್ರಯೋಗಕ್ಕೆ ಸಮಯ ಉಳಿಯುವುದಿಲ್ಲ. ಆಮೇಲೆ ಪ್ರಯೋಗಗಳೇ ನಡೆಯುತ್ತಿಲ್ಲ, ನಿಲ್ದಾಣ ದಂಡ ಎಂದು ತೀರ್ಪು ಕೊಡುವುದು ಸುಲಭ. ಹೀಗೆ ಅರೆಹೊಟ್ಟೆಯಲ್ಲಿಟ್ಟು ದುಡಿಸಿ, ದುಡಿಯುತ್ತಿಲ್ಲ ಎಂದು ದೂರುವುದನ್ನು ನಾನು ಯಂತ್ರಗಳ ವಿಷಯದಲ್ಲೂ ಮನುಷ್ಯರ ವಿಷಯದಲ್ಲೂ ನೋಡಿದ್ದೇನೆ. ಎರಡರಲ್ಲೂ ಅನ್ಯಾಯವೇ. ಒಳಗೆ ಜನ ಇರುವ ಕೊನೆಯ ದಿನದವರೆಗೆ ಪೂರ್ತಿ ಹಣ, ಪೂರ್ತಿ ಸಿಬ್ಬಂದಿ ಕೊಡಿ. ಅಷ್ಟು ಕೊಡಲಾಗದಿದ್ದರೆ ಧೈರ್ಯವಾಗಿ ಹಾಗೆಂದು ಹೇಳಿ, ಅವರನ್ನು ಇಳಿಸಿಕೊಳ್ಳಿ. ನಡುವಿನ ದಾರಿಯೇ ಎಲ್ಲಕ್ಕಿಂತ ಅಪಾಯದ್ದು.

ತಮ್ಮ ಕ್ಯಾಲೆಂಡರುಗಳೂ ಒಂದಕ್ಕೊಂದು ಹೊಂದುತ್ತಿಲ್ಲ. ಅಮೆರಿಕ, ಯುರೋಪ್, ಜಪಾನ್, ಕೆನಡಾ 2030 ಎನ್ನುತ್ತವೆ. ರಷ್ಯಾ ಮಾತು ಕೊಟ್ಟಿರುವುದು 2028ರವರೆಗೆ. ನಿಲ್ದಾಣವನ್ನು ಮೇಲಕ್ಕೆ ತಳ್ಳಿ ಕಕ್ಷೆಯಲ್ಲಿಡುವ ಕೆಲಸದ ಹೆಚ್ಚಿನ ಪಾಲು ಇಷ್ಟು ವರ್ಷ ರಷ್ಯಾದ ಪ್ರೋಗ್ರೆಸ್ ಸರಕು ನೌಕೆಗಳದ್ದೇ. 2025ರ ನವೆಂಬರ್ 27ರಂದು ಬೈಕನೂರಿನಲ್ಲಿ ಸೊಯುಜ್ ರಾಕೆಟ್ ಕ್ಷೇಮವಾಗಿ ಮೇಲೇರಿತು, ಆದರೆ ಕೆಳಗಿನ ಉಡಾವಣಾ ಪೀಠದ ಸೇವಾ ವೇದಿಕೆ ಕುಸಿಯಿತು. ನಿಲ್ದಾಣಕ್ಕೆ ಜನರನ್ನೂ ಸರಕನ್ನೂ ಕಳಿಸಲು ರಷ್ಯಾ ಬಳಸುತ್ತಿದ್ದದ್ದು ಆ ಒಂದೇ ಪೀಠ. ಒಂದು ಬೋಲ್ಟು ಕಳಚಿದರೆ ಎರಡನೆಯದು ಹಿಡಿದುಕೊಳ್ಳಬೇಕು ಎಂದು ನಾವು ಕಲಿತದ್ದು. ಇಲ್ಲಿ ಎರಡನೆಯ ಬೋಲ್ಟು ಎಲ್ಲಿದೆ ಎಂದು ತಾವು ಐವರೂ ಒಂದೇ ಹಾಳೆಯ ಮೇಲೆ ಬರೆದು ಸಹಿ ಹಾಕಬೇಕು.

ಇನ್ನು ಈ ನಿಲ್ದಾಣದ ಜಾಗಕ್ಕೆ ಕಂಪನಿಗಳು ಕಟ್ಟಲಿರುವ ಖಾಸಗಿ ನಿಲ್ದಾಣಗಳು. ಬರಲಿ, ಸಂತೋಷ. ಆದರೆ 2025ರ ಆಗಸ್ಟಿನಲ್ಲಿ ನಾಸಾ ಅವುಗಳಿಂದ ಬಯಸುವುದನ್ನು ಇಳಿಸಿ, ನಾಲ್ವರು ಒಂದು ತಿಂಗಳು ಇರುವಂತಾದರೆ ಸಾಕು ಎಂದಿತು. ಸದಾ ಜನವಿರುವ ಮನೆಯಿಂದ ತಿಂಗಳೊಪ್ಪತ್ತಿನ ತಂಗುದಾಣಕ್ಕೆ ಇಳಿಯುವುದಾದರೆ ಹಳೆಯದನ್ನು ಕೆಡವುವ ಮುನ್ನ ಹೊಸದರೊಳಗೆ ಯಾರಾದರೂ ಮಲಗಿ ಎದ್ದಿರಬೇಕು. ಗೃಹಪ್ರವೇಶ ಆಗುವ ಮುನ್ನ ಹಳೆ ಮನೆಯ ಹೆಂಚು ಇಳಿಸುವವರು ನಮ್ಮ ಕಡೆ ಯಾರೂ ಇಲ್ಲ.

ಈಗ ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರದ ಮಾತು. ಅದು ಬೀಳುವ ಮಾತು.

1979ರಲ್ಲಿ ನಾನು ಎಂಟನೇ ತರಗತಿ. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ಒಂದು ಹಳ್ಳಿ. ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಬೀಳುತ್ತದೆ, ಎಲ್ಲಿ ಬೀಳುತ್ತದೋ ಯಾರಿಗೂ ಗೊತ್ತಿಲ್ಲ ಎಂದು ಆಕಾಶವಾಣಿಯಲ್ಲಿ ಕೇಳಿದ್ದು ಬಾಯಿಂದ ಬಾಯಿಗೆ ಬೆಳೆದು ಊರೇ ಬೀಳುತ್ತದೆ ಎಂದಾಗಿತ್ತು. ಇದ್ದಬದ್ದ ಕೋಳಿ ಕೊಯ್ದು ಉಂಡವರಿದ್ದರು. ಕಡ್ಲೆಕಾಯಿ ಬಿತ್ತನೆಗೆ ಹದವಿದ್ದರೂ ಹೊಲಕ್ಕೆ ಹೋಗದವರಿದ್ದರು. ನಮ್ಮಜ್ಜಿ ಮನೆಯ ಹನ್ನೊಂದು ಜನರನ್ನೂ ನಡುಮನೆಯಲ್ಲಿ ಒತ್ತೊತ್ತಾಗಿ ಮಲಗಿಸಿ, "ಬೀಳೋದಾದ್ರೆ ಎಲ್ರೂ ಒಂದೇ ಕಡೆ ಇರಾನ" ಎಂದು ರಾತ್ರಿಯಿಡೀ ಬಾಗಿಲಲ್ಲಿ ಕೂತಿದ್ದಳು. ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೆ ಒಡೆದು, ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ.

ಸ್ಕೈಲ್ಯಾಬ್ ಯಾಕೆ ಹಾಗೆ ಬಿತ್ತು ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅದನ್ನು ಮೇಲಕ್ಕೆ ತಳ್ಳಲು ಸ್ಪೇಸ್ ಶಟಲ್ ಬರುತ್ತದೆ ಎಂದು ನಂಬಿದ್ದರು. ಶಟಲ್ ತಡವಾಯಿತು, ಅದರ ಮೊದಲ ಹಾರಾಟವೇ 1981ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಸೂರ್ಯನ ಚಟುವಟಿಕೆ ಹೆಚ್ಚಿ, ಮೇಲಿನ ವಾತಾವರಣ ಉಬ್ಬಿ, ನಿಲ್ದಾಣವನ್ನು ಬೇಗ ಕೆಳಗೆಳೆಯಿತು. ನಮ್ಮ ರಾಕೇಶ್ ಶರ್ಮಾ 1984ರಲ್ಲಿ ಸುಮಾರು ಒಂದು ವಾರ ತಂಗಿದ್ದ ಸೋವಿಯತ್ ನಿಲ್ದಾಣ ಸಲ್ಯೂತ್-7 ಕೂಡ ಹೀಗೆಯೇ, ಹಿಡಿತ ತಪ್ಪಿ, 1991ರ ಫೆಬ್ರುವರಿಯಲ್ಲಿ ಅರ್ಜೆಂಟೀನಾದ ಮೇಲೆ ಚೂರಾಗಿ ಬಿತ್ತು. ಬರಬೇಕಾದ ನೌಕೆ ಹೊತ್ತಿಗೆ ಬರಲಿಲ್ಲ.

ಸ್ಕೈಲ್ಯಾಬ್ ಎಂಬತ್ತು ಟನ್ನಿನ ಒಳಗಿತ್ತು. ತಮ್ಮ ನಿಲ್ದಾಣ 420 ಟನ್. ಅದನ್ನು ಹಿಡಿದು ದಕ್ಷಿಣ ಪೆಸಿಫಿಕ್ಕಿನ ನಿರ್ಜನ ಭಾಗಕ್ಕೆ ಇಳಿಸುವ ನೌಕೆಗೆಂದು 2024ರ ಜೂನ್‌ನಲ್ಲಿ ನಾಸಾ ಸ್ಪೇಸ್‌ಎಕ್ಸ್ ಕಂಪನಿಗೆ 84.3 ಕೋಟಿ ಡಾಲರ್‌ವರೆಗಿನ ಗುತ್ತಿಗೆ ಕೊಟ್ಟಿದೆ. ಅದಕ್ಕಾಗಿ ಧನ್ಯವಾದ. ನನ್ನ ಮೂರನೆಯ ಕೋರಿಕೆ ಈ ನೌಕೆಯ ಬಗ್ಗೆ. ಬೇರೆ ಯಾವ ಬಾಬ್ತಿಗೆ ಕೊರತೆಯಾದರೂ ಇದಕ್ಕೆ ಆಗದಿರಲಿ. 2030ರ ಕೊನೆಗೆ ಬೇಕು ಎಂದು ಲೆಕ್ಕ ಹಾಕದೆ, ನಾಳೆ ಬಿರುಕು ದೊಡ್ಡದಾದರೆ ಬೇಕಾಗುತ್ತದೆ ಎಂದು ಲೆಕ್ಕ ಹಾಕಿ. ಅದು ಸಿದ್ಧವಾಗಿ ನಿಂತ ಮೇಲೆ ನಿಲ್ದಾಣದ ಅವಧಿ ಹೆಚ್ಚಿಸುವ ಮಾತಾಡಿ, ಅದಕ್ಕೆ ಮುನ್ನ ಬೇಡ.

ಇಷ್ಟು ಒಳ್ಳೆಯದನ್ನು ಸುಡುವುದೇಕೆ, ಇನ್ನೂ ಮೇಲಕ್ಕೆ ತಳ್ಳಿ ಮ್ಯೂಸಿಯಂ ಮಾಡಿ ಎನ್ನುವವರಿದ್ದಾರೆ. ನನಗೂ ಆಸೆಯೇ. ಆದರೆ ನೂರು ವರ್ಷ ನಿಲ್ಲುವ ಎತ್ತರಕ್ಕೆ ಒಯ್ಯಲು ಸುಮಾರು 20 ಟನ್ ಇಂಧನ ಬೇಕೆಂದು ನಾಸಾ ಲೆಕ್ಕ ಹಾಕಿದೆ. ಅಲ್ಲಿ ಕಸದ ಚೂರು ಬಡಿಯುವ ಭಯವೂ ಹೆಚ್ಚು. ನೋಡಿಕೊಳ್ಳುವವರಿಲ್ಲದ ಬಿರುಕಿನ ಮನೆಯನ್ನು ಎತ್ತರದಲ್ಲಿ ಬಿಟ್ಟುಬಂದರೆ ಒಡೆದ ದಿನ ಅದರ ಚೂರುಗಳು ಮುಂದಿನವರೆಲ್ಲರ ದಾರಿಗೆ ಅಡ್ಡ. ಬೇಡ, ಗೌರವದಿಂದ ಇಳಿಸಿ.

ಇಳಿಸುವಾಗ ಎಚ್ಚರವಿರಲಿ. 2021ರಲ್ಲಿ ನಿಲ್ದಾಣದಿಂದ ಹಳೆಯ ಬ್ಯಾಟರಿಗಳ 2.6 ಟನ್ ಭಾರದ ಹೊರೆಯನ್ನು ಹಾಗೇ ಕೈಬಿಟ್ಟಿರಿ, ಗಾಳಿಯಲ್ಲಿ ಉರಿದುಹೋಗುತ್ತದೆ ಎಂದಿರಿ. 2024ರ ಮಾರ್ಚ್ 8ರಂದು ಅದರ ಒಂದು ಲೋಹದ ಚೂರು ಫ್ಲಾರಿಡಾದ ನೇಪಲ್ಸ್‌ನಲ್ಲಿ ಒಂದು ಮನೆಯ ಸೂರು ತೂತು ಮಾಡಿ, ನೆಲವನ್ನೂ ತೂತು ಮಾಡಿತು. ಮನೆಯಲ್ಲಿ ಆಗ ಒಬ್ಬ ಹುಡುಗನಿದ್ದ. ಪೂರ್ತಿ ಉರಿಯುತ್ತದೆ ಎಂಬ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡುವುದರಲ್ಲಿ ಅವಮಾನವೇನಿಲ್ಲ.

ನಮ್ಮ ಇಸ್ರೊ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಭಾಗವನ್ನು 2028ಕ್ಕೆ, ಪೂರ್ತಿ ನಿಲ್ದಾಣವನ್ನು 2035ಕ್ಕೆ ಕಟ್ಟುವ ಗುರಿ ಇಟ್ಟುಕೊಂಡಿದೆ. ಅದರ ತಟ್ಟೆ, ರಿಂಗು, ಬೆಸುಗೆಗಳ ನಕ್ಷೆ ಬರೆಯುವ ಹುಡುಗ ಹುಡುಗಿಯರು ಈಗ ಬಹುಶಃ ಇದೇ ಊರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆಫೀಸಿಗೆ ಹೋಗುತ್ತಿದ್ದಾರೆ. ಜ್ವೆಜ್ದಾದ ಬಿರುಕಿನ ದಾಖಲೆ ಅವರ ಮೇಜಿಗೆ ಬಂದರೆ, 2050ರಲ್ಲಿ ಇನ್ಯಾರೋ ಒಬ್ಬರು ನಮ್ಮ ನಿಲ್ದಾಣದೊಳಗೆ ಟಾರ್ಚು ಹಿಡಿದು ಅದೇ ಗೆರೆಯನ್ನು ಹುಡುಕಬೇಕಾಗಿ ಬರುವುದಿಲ್ಲ. ತಮ್ಮನ್ನು ಕೇಳುತ್ತಿರುವುದರಲ್ಲಿ ನಮ್ಮ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ.

ಕೊನೆಯದಾಗಿ ಒಂದು ಚಿಕ್ಕ ಕೋರಿಕೆ. ಇದಕ್ಕೆ ಡಾಲರೇನೂ ಬೇಕಾಗುವುದಿಲ್ಲ. ನಿಲ್ದಾಣವನ್ನು ಇಳಿಸುವ ದಿನ ಗೊತ್ತಾದ ಕೂಡಲೇ ಯಾವ ಹೊತ್ತಿಗೆ, ಯಾವ ದಾರಿಯಲ್ಲಿ, ಎಲ್ಲಿ ಬೀಳುತ್ತದೆ, ಎಲ್ಲೆಲ್ಲಿ ಬೀಳುವುದಿಲ್ಲ ಎಂಬುದನ್ನು ಆ ದಾರಿಯ ಕೆಳಗೆ ಬದುಕುವ ಎಲ್ಲರ ಭಾಷೆಯಲ್ಲೂ ತಾವೇ ಮೊದಲು ಹೇಳಿ. ಕನ್ನಡದಲ್ಲೂ ಹೇಳಿ. ಅನುವಾದಕ್ಕೆ ಜನ ಬೇಕಾದರೆ ನಾನಿದ್ದೇನೆ, ನಮ್ಮ ಬೀದಿಯ ಕಾಲೇಜು ಮಕ್ಕಳಿದ್ದಾರೆ. ನಮ್ಮಜ್ಜಿಯ ಹಾಗೆ ಇನ್ನೊಬ್ಬ ಅಜ್ಜಿ ರಾತ್ರಿಯಿಡೀ ಬಾಗಿಲಲ್ಲಿ ಕೂರುವಂತಾಗಬಾರದು.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಮಾನ ಇನ್‌ಸ್ಪೆಕ್ಟರ್
ಬೆಂಗಳೂರು